ಅಜ್ಜಿಯ ನೆನಪನ್ನು ಯಾವ ಭಾಷೆಯಲ್ಲಿ ಅಳೆಯಬೇಕು?

ಮೊದಲು ಒಂದು ಸಣ್ಣ ಆಟ. ಏಳು, ಎರಡು, ಒಂಬತ್ತು, ನಾಲ್ಕು, ಒಂದು, ಎಂಟು. ಕಣ್ಣು ಮುಚ್ಚಿ ಇದೇ ಕ್ರಮದಲ್ಲಿ ಹೇಳಿ. ಈಗ ಕೊನೆಯಿಂದ ಮೊದಲಿಗೆ ಹೇಳಿ. ಕಷ್ಟವಾಯಿತಲ್ಲವೇ?

ಮನಶ್ಶಾಸ್ತ್ರಜ್ಞರು ನೆನಪನ್ನು ಅಳೆಯುವ ಹಳೆಯ ವಿಧಾನಗಳಲ್ಲಿ ಇದೂ ಒಂದು. ಕೇಳಿದ ಹಾಗೆಯೇ ಹೇಳುವುದು ಆ ಕ್ಷಣದ ನೆನಪಿನ ಪರೀಕ್ಷೆ. ತಿರುಗಿಸಿ ಹೇಳುವುದು, ನೆನಪಿನಲ್ಲಿ ಹಿಡಿದಿಟ್ಟುಕೊಂಡೇ ಕೆಲಸ ಮಾಡುವ ಶಕ್ತಿಯ ಪರೀಕ್ಷೆ.

ಇನ್ನೊಂದು ಪದಪಟ್ಟಿಯ ಪರೀಕ್ಷೆ. 15 ಪದಗಳನ್ನು ಐದು ಸಲ ಓದುತ್ತಾರೆ. ಪ್ರತಿ ಸಲವೂ ನೆನಪಿದ್ದಷ್ಟನ್ನು ನಾವು ಹೇಳಬೇಕು. ನಡುವೆ ಬೇರೊಂದು ಪಟ್ಟಿ ಓದುತ್ತಾರೆ. ಸುಮಾರು ಅರ್ಧ ಗಂಟೆ ಬಿಟ್ಟು ಮೊದಲ ಪಟ್ಟಿಯನ್ನು ಮತ್ತೆ ಕೇಳುತ್ತಾರೆ. ಕೊನೆಗೆ ಒಂದೊಂದೇ ಪದ ಓದಿ, "ಇದು ಪಟ್ಟಿಯಲ್ಲಿತ್ತೇ?" ಎನ್ನುತ್ತಾರೆ. ತಾನಾಗಿ ಹೊಳೆಯದ ಪದವನ್ನು ಕೇಳಿದೊಡನೆ ಗುರುತಿಸಿದರೆ, ಅದು ಒಳಗೆ ಉಳಿದಿದೆ, ಹೊರಗೆ ತೆಗೆಯುವುದಷ್ಟೇ ಕಷ್ಟ ಎಂದರ್ಥ.

ಇಲ್ಲಿ ಭಾಷೆಯ ಪಾತ್ರ ದೊಡ್ಡದು. ನಿಮ್ಮ ಚೀನೀ ಗೆಳೆಯರು ಮ್ಯಾಂಡರಿನ್‌ನಲ್ಲಿ ಎಣಿಸುವುದನ್ನು ಕೇಳಿದ್ದೀರಿ: ಯೀ, ಅರ್, ಸಾನ್. ಎಲ್ಲವೂ ಚುಟುಕು. ನಮ್ಮ ಒಂದು, ಎರಡು, ಮೂರು, ಮಲಯದ ಸಾತು, ದುವಾ, ತೀಗಾ ಇನ್ನೂ ಉದ್ದ. ಸುಮಾರು ಎರಡು ಸೆಕೆಂಡಿನಲ್ಲಿ ಎಷ್ಟು ಪದ ಉಚ್ಚರಿಸಬಲ್ಲೆವೋ ಅಷ್ಟೇ ಆ ಕ್ಷಣಕ್ಕೆ ನೆನಪಿನಲ್ಲಿ ಉಳಿಯುತ್ತದೆ ಎಂದು ಬ್ರಿಟನ್ನಿನ ಅಲನ್ ಬ್ಯಾಡ್ಲಿ ಮತ್ತು ಸಂಗಡಿಗರು 1975ರಲ್ಲಿ ತೋರಿಸಿದರು. 1980ರಲ್ಲಿ ವೇಲ್ಸ್‌ನ ದ್ವಿಭಾಷಿಗಳನ್ನು ಪರೀಕ್ಷಿಸಿದಾಗ, ಅದೇ ಜನ ಇಂಗ್ಲಿಷಿಗಿಂತ ವೆಲ್ಷ್‌ನಲ್ಲಿ ಕಡಿಮೆ ಅಂಕಿಗಳನ್ನು ನೆನಪಿಟ್ಟುಕೊಂಡರು. ವೆಲ್ಷ್ ಅಂಕಿಗಳನ್ನು ಹೇಳಲು ಹೆಚ್ಚು ಹೊತ್ತು ಬೇಕು. ಮರೆವು ಹೆಚ್ಚಿರಲಿಲ್ಲ, ಪದಗಳು ಉದ್ದವಿದ್ದವು, ಅಷ್ಟೇ.

ಆದ್ದರಿಂದ ಬರಿಯ ಅಂಕ ಏನನ್ನೂ ಹೇಳುವುದಿಲ್ಲ. ಅದನ್ನು ಅದೇ ವಯಸ್ಸಿನ, ಅಷ್ಟೇ ಓದಿದ ಜನರ ಅಂಕದೊಂದಿಗೆ ಹೋಲಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಹೊರತಂದ ಪರೀಕ್ಷಾಮಾಲೆಯಲ್ಲಿ ವಯಸ್ಸು, ಲಿಂಗ, ವಿದ್ಯಾಭ್ಯಾಸಕ್ಕೆ ತಕ್ಕಂತೆ ಬೇರೆಬೇರೆ ಮಾನದಂಡಗಳಿರುವುದು ಇದಕ್ಕೇ.

ಈಗ ನಮ್ಮ ಮನೆಗೆ ಬರೋಣ. ಊರಿನಿಂದ ಬಂದು ಕೌಲಾಲಂಪುರದಲ್ಲಿ ನಿಮ್ಮೊಡನೆ ಇರುವ ಅಜ್ಜಿಗೆ ಮರೆವು ಶುರುವಾಗಿದೆ ಎಂದುಕೊಳ್ಳಿ. ಅರೆಬರೆ ಬರುವ ಇಂಗ್ಲಿಷಿನಲ್ಲೋ ಮಲಯದಲ್ಲೋ ಪರೀಕ್ಷಿಸಿದರೆ ಅವರು ಎಡವುವುದು ನೆನಪಿನಲ್ಲೋ, ಭಾಷೆಯಲ್ಲೋ? ಗೊತ್ತಾಗುವುದಿಲ್ಲ. ಇಲ್ಲದ ಕಾಯಿಲೆ ಇದೆ ಎನಿಸಬಹುದು; ಇರುವ ಕಾಯಿಲೆಯನ್ನು "ಭಾಷೆ ಬಾರದ್ದಕ್ಕೆ ಹೀಗೆ" ಎಂದು ತಳ್ಳಿಹಾಕಲೂಬಹುದು.

ಆಗ ಜೊತೆಗೆ ಹೋಗುವವರು ನೀವೇ ತಾನೇ? ಅಜ್ಜಿಯ ಮಾತೃಭಾಷೆ ಯಾವುದು, ಎಷ್ಟು ಓದಿದ್ದಾರೆ ಎಂದು ವೈದ್ಯರಿಗೆ ಮೊದಲೇ ತಿಳಿಸಿ. ಕನ್ನಡದ ಪರೀಕ್ಷೆ ಸಿಗುವುದೇ ಎಂದು ಕೇಳಿ. ಮೋಕಾ ಎಂಬ ಪ್ರಸಿದ್ಧ ಪರೀಕ್ಷೆಗೆ ಕನ್ನಡ ರೂಪವಿದೆ. ಪದಪಟ್ಟಿಯನ್ನು ನೀವೇ ಸ್ಥಳದಲ್ಲಿ ಅನುವಾದಿಸಲು ಹೋಗಬೇಡಿ, ಪರೀಕ್ಷೆಯೇ ಬದಲಾಗಿಬಿಡುತ್ತದೆ. ಅಯ್ಯೋ ಪಾಪ ಎಂದು ಸುಳಿವನ್ನೂ ಕೊಡಬೇಡಿ. ಒಲೆ ಆರಿಸಲು ಮರೆತದ್ದು, ದಿನಾ ಹೋಗುವ ದಾರಿ ತಪ್ಪಿದ್ದು, ಇಂಥವನ್ನು ಬರೆದಿಟ್ಟುಕೊಂಡು ಹೇಳಿ.

ನಿಮಗೆ ಬರುವ ಕನ್ನಡ ಎಷ್ಟೇ ಇರಲಿ, ಆ ಕೋಣೆಯಲ್ಲಿ ಅದು ಅಜ್ಜಿಗೆ ಬಹಳ ದೊಡ್ಡ ಆಸರೆ.