ನಿಮಗಿದು ಗೊತ್ತೇ? ಮಿದುಳು, ಸಕ್ಕರೆ ಮತ್ತು ವಿಕಿರಣ

● ಮಿದುಳಿನ ತೂಕ ದೇಹದ ತೂಕದಲ್ಲಿ ಸುಮಾರು ಶೇ. 2 ಮಾತ್ರ. ಸುಮ್ಮನೆ ಕುಳಿತಿದ್ದರೂ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. ಅದರ ಮುಖ್ಯ ಇಂಧನ ಗ್ಲೂಕೋಸ್.

● ಗ್ಲಿಯೋಬ್ಲಾಸ್ಟೋಮಾ ಎಂಬ ಉಗ್ರ ಮಿದುಳು ಗೆಡ್ಡೆಗೆ ಸಾಮಾನ್ಯವಾಗಿ 60 ಗ್ರೇ ವಿಕಿರಣವನ್ನು 30 ಕಂತುಗಳಲ್ಲಿ, ಆರು ವಾರ ಕೊಡುತ್ತಾರೆ. ಅಷ್ಟನ್ನೂ ಒಂದೇ ಸಲ ನೀರಿಗೆ ಹಾಯಿಸಿದರೂ ಬಿಸಿ ಏರುವುದು 0.02 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ! ವಿಕಿರಣ ಗೆಡ್ಡೆಯನ್ನು ಸುಡುವುದಿಲ್ಲ, ಕೋಶಗಳ ಡಿಎನ್‌ಎ ತುಂಡರಿಸುತ್ತದೆ.

● ಚಿಕಿತ್ಸೆ ಮುಗಿದ ಮೊದಲ ಮೂರು ತಿಂಗಳಲ್ಲಿ ಎಂಆರ್‌ಐ ಮಾಡಿಸಿದರೆ ಗೆಡ್ಡೆ ದೊಡ್ಡದಾದಂತೆ ಕಾಣಬಹುದು. ಕೆಲವರಲ್ಲಿ ಅದು ಬರೀ ಊತ. ರಕ್ತನಾಳಗಳು ಸೋರಿದ್ದರ ಫಲ. ಚಿಕಿತ್ಸೆ ಬದಲಿಸದಿದ್ದರೂ ತಾನಾಗಿ ಇಳಿಯುತ್ತದೆ. ವೈದ್ಯರು ಇದನ್ನು ‘ಸ್ಯೂಡೋಪ್ರೊಗ್ರೆಶನ್’ ಎನ್ನುತ್ತಾರೆ.

● ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೆ ವಿಕಿರಣ ತಾಗಿದ ಜಾಗದ ಅಂಗಾಂಶ ಸಾಯುವುದುಂಟು. ಇದು ‘ರೇಡಿಯೇಷನ್ ನೆಕ್ರೋಸಿಸ್’. ಎಂಆರ್‌ಐಯಲ್ಲಿ ಇದಕ್ಕೂ ಮರಳಿ ಬಂದ ಗೆಡ್ಡೆಗೂ ವ್ಯತ್ಯಾಸ ತಿಳಿಯುವುದು ಕಷ್ಟ. ಪೆಟ್ ಸ್ಕ್ಯಾನ್ ನೆರವಿಗೆ ಬರುವುದು ಇಲ್ಲೇ: ಸತ್ತ ಅಂಗಾಂಶ ಸಕ್ಕರೆ ಹೀರುವುದಿಲ್ಲ, ಉಗ್ರ ಗೆಡ್ಡೆ ಹೀರುತ್ತದೆ.

● ಈ ಸ್ಕ್ಯಾನ್‌ಗೆ ಬಳಸುವ ವಿಕಿರಣಶೀಲ ಸಕ್ಕರೆ ಎಫ್‌ಡಿಜಿ. ಅದನ್ನು ಮೊದಲು ಮನುಷ್ಯರಿಗೆ ಚುಚ್ಚಿದ್ದು 1976ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ. ಸುಮಾರು 110 ನಿಮಿಷಕ್ಕೆ ಅದರ ವಿಕಿರಣ ಅರ್ಧಕ್ಕಿಳಿಯುತ್ತದೆ.

● ಮಿದುಳಿನ ಪೆಟ್‌ಗೆ ಇಂಜೆಕ್ಷನ್ ಕೊಟ್ಟ ಮೇಲೆ ರೋಗಿಯನ್ನು ಮಂದ ಬೆಳಕಿನ ಕೋಣೆಯಲ್ಲಿ ಮಲಗಿಸುತ್ತಾರೆ. ಮಾತು, ಓದು, ಮೊಬೈಲ್ ಯಾವುದೂ ಬೇಡ. ವಿಡಿಯೊ ನೋಡುತ್ತಿದ್ದರೆ ತಲೆಯ ಹಿಂಭಾಗದಲ್ಲಿರುವ ದೃಷ್ಟಿಕೇಂದ್ರ ಹೆಚ್ಚು ಸಕ್ಕರೆ ಎಳೆದುಕೊಂಡು ಚಿತ್ರದಲ್ಲಿ ಹೊಳೆಯುತ್ತದೆ!

● ಆರೋಗ್ಯವಂತ ಮಿದುಳೂ ಸಕ್ಕರೆಪ್ರಿಯವೇ. ಹಾಗಾಗಿ ಸಣ್ಣ ಗೆಡ್ಡೆ ಅದರ ಹೊಳಪಿನಲ್ಲಿ ಮರೆಯಾಗಬಹುದು. ಇದಕ್ಕೆ ಪರಿಹಾರ ಮೆಥಿಯೋನಿನ್‌ನಂಥ ಅಮೈನೋ ಆಮ್ಲ ಬಳಸುವ ಪೆಟ್: ಗೆಡ್ಡೆ ಅದನ್ನು ಹೆಚ್ಚು ಹೀರುತ್ತದೆ, ಸಹಜ ಮಿದುಳು ಕಡಿಮೆ.

● ಎಂಆರ್ ಸ್ಪೆಕ್ಟ್ರೋಸ್ಕೋಪಿಗೆ ವಿಕಿರಣಶೀಲ ಇಂಜೆಕ್ಷನ್ನೇ ಬೇಡ. ಮಿದುಳಿನ ರಾಸಾಯನಿಕಗಳನ್ನು ಹೊರಗಿನಿಂದಲೇ ಅಳೆಯುತ್ತದೆ. ಕೋಲೀನ್ ಏರಿದ್ದರೆ ಗೆಡ್ಡೆಯ ಶಂಕೆ. ನರಕೋಶಗಳ ಕ್ಷೇಮ ಹೇಳುವ ಎನ್‌ಎಎ ಮಾತ್ರ, ಎಂಆರ್‌ಐಯಲ್ಲಿ ಸರಿಯಾಗಿಯೇ ಕಾಣುವ ಭಾಗದಲ್ಲೂ ವಿಕಿರಣದ ನಂತರ ತಗ್ಗಬಹುದು.

● ಇಡೀ ಮಿದುಳಿಗೆ ವಿಕಿರಣ ಕೊಡುವಾಗ ನೆನಪಿನ ಕೇಂದ್ರವಾದ ಹಿಪ್ಪೊಕ್ಯಾಂಪಸ್‌ಗೆ ಆದಷ್ಟು ಕಡಿಮೆ ತಾಗುವಂತೆ ಕಿರಣಗಳನ್ನು ತಿರುಗಿಸುವ ತಂತ್ರವಿದೆ. ಆಲ್ಝೈಮರ್ಸ್ ಔಷಧ ಮೆಮಂಟಿನ್ ಜೊತೆಗೆ ಈ ತಂತ್ರವನ್ನೂ ಬಳಸಿದಾಗ ಅರಿವಿನ ಶಕ್ತಿ ಕುಂದುವುದು ಕಡಿಮೆಯಾಯಿತೆಂದು 2020ರಲ್ಲಿ ಪ್ರಕಟವಾದ ಪರೀಕ್ಷೆ ತೋರಿಸಿತು.

● ಪೆಟ್ ಕೂಡ ಮೋಸಹೋಗುತ್ತದೆ! ಉರಿಯೂತದ ಕೋಶಗಳೂ ಸಕ್ಕರೆ ಹೀರುತ್ತವೆ. ಸತ್ತ ಅಂಗಾಂಶ ಮತ್ತು ಗೆಡ್ಡೆ ಒಂದೇ ಜಾಗದಲ್ಲಿ ಇರುವುದೂ ಉಂಟು. ಆದ್ದರಿಂದಲೇ ವೈದ್ಯರು ಒಂದೇ ಸ್ಕ್ಯಾನ್ ನಂಬದೆ ಕೆಲವು ವಾರ ಬಿಟ್ಟು ಮತ್ತೆ ತೆಗೆಸುತ್ತಾರೆ, ಬೇಕೆನಿಸಿದರೆ ಬಯಾಪ್ಸಿ ಮಾಡುತ್ತಾರೆ.