ಓಡಿಸುವುದಕ್ಕಿಂತ ನಿಲ್ಲಿಸುವುದೇ ದೊಡ್ಡ ವಿದ್ಯೆ

ಚಾಮರಾಜನಗರದಿಂದ ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಗೆ ಹೋಗುವ ಹಾದಿ ಸುಮಾರು 35 ಕಿಲೋಮೀಟರ್. ಟೊಮೆಟೊ, ಬಾಳೆ, ಅರಿಶಿನ, ಚೆಂಡುಹೂವು ಬೆಳೆಯುವ ಈ ಸೀಮೆಯಲ್ಲಿ ಹಿಂದೆ ಎತ್ತಿನ ಗಾಡಿ ಮಾಡುತ್ತಿದ್ದ ಕೆಲಸದ ದೊಡ್ಡ ಪಾಲನ್ನು ಈಗ ಮೂರು ಚಕ್ರದ ಸರಕು ಆಟೋಗಳು ವಹಿಸಿಕೊಂಡಿವೆ. ಡೀಸೆಲ್ ಬೆಲೆ ಏರಿದರೆ ಬಾಡಿಗೆ ಏರುತ್ತದೆ. ಬಾಡಿಗೆ ಏರಿದರೆ ರೈತನ ಕೈಗೆ ಉಳಿಯುವುದು ಕಡಿಮೆಯಾಗುತ್ತದೆ. ಹೀಗಿರುವಾಗ ಸ್ಪ್ಯಾನರ್ ಹಿಡಿಯಲು ಬಲ್ಲ ಯಾರಿಗಾದರೂ ಒಂದು ಯೋಚನೆ ಬರುವುದು ಸಹಜ. ಗುಜರಿಗೆ ಬಿದ್ದ ಆಟೋದ ಚೌಕಟ್ಟು, ಒಂದು ವಿದ್ಯುತ್ ಮೋಟಾರು, ನಾಲ್ಕು ಬ್ಯಾಟರಿ ಇದ್ದರೆ ನಮ್ಮದೇ ಗಾಡಿಯನ್ನು ಏಕೆ ಕಟ್ಟಿಕೊಳ್ಳಬಾರದು?

ಈ ಯೋಚನೆ ಇಂದಿನದಲ್ಲ. ಹೊಸದೊಂದು ಚಾಲಕ ಶಕ್ತಿ ಬಂದಾಗಲೆಲ್ಲ ಮನುಷ್ಯ ಅದನ್ನು ಮೊದಲು ಪ್ರಯೋಗಿಸಿ ನೋಡಿದ್ದು ಮೂರು ಚಕ್ರಗಳ ಮೇಲೆಯೇ ಎಂಬುದು ಕುತೂಹಲದ ಸಂಗತಿ.

ಮೂರು ಶಕ್ತಿ, ಮೂರು ಚಕ್ರ

ಫ್ರಾನ್ಸಿನ ಸೇನಾ ಎಂಜಿನಿಯರ್ ನಿಕೊಲಾ ಕ್ಯೂನ್ಯೊ ಫಿರಂಗಿ ಎಳೆಯಲೆಂದು 1769-70ರಲ್ಲಿ ಉಗಿಬಂಡಿಯೊಂದನ್ನು ಕಟ್ಟಿದ. ಅದಕ್ಕೆ ಮೂರು ಚಕ್ರ. ಭಾರಿ ಬಾಯ್ಲರು ಮುಂಚಕ್ರದ ಮುಂದೆ ತೂಗುತ್ತಿತ್ತು. ವೇಗ ನಡೆಯುವ ಮನುಷ್ಯನಷ್ಟೇ. ಆದರೂ ಅದು ಹತೋಟಿಗೆ ಸಿಗದೆ ಗೋಡೆಗೆ ಗುದ್ದಿತೆಂಬ ಕಥೆ ಉಳಿದುಬಂದಿದೆ. ಬಂಡಿ ಇಂದಿಗೂ ಪ್ಯಾರಿಸ್ಸಿನ ವಸ್ತುಸಂಗ್ರಹಾಲಯದಲ್ಲಿದೆ.

1881ರ ಏಪ್ರಿಲ್‌ನಲ್ಲಿ ಅದೇ ಪ್ಯಾರಿಸ್ಸಿನ ಬೀದಿಯಲ್ಲಿ ಗುಸ್ತಾವ್ ತ್ರೂವೆ ವಿದ್ಯುತ್ ಗಾಡಿ ಓಡಿಸಿದ. ಅವನು ಮಾಡಿದ್ದು ಇಂದಿನ ಗ್ಯಾರೇಜುಗಳಲ್ಲಿ ನಡೆಯುವ ಕೆಲಸವನ್ನೇ: ಇಂಗ್ಲೆಂಡಿನಲ್ಲಿ ತಯಾರಾದ ಮೂರು ಚಕ್ರದ ಸೈಕಲ್ಲೊಂದನ್ನು ತಂದು ಅದಕ್ಕೆ ಮೋಟಾರು, ಬ್ಯಾಟರಿ ಕಟ್ಟಿದ. ಐದು ವರ್ಷಗಳ ಬಳಿಕ, 1886ರ ಜನವರಿ 29ರಂದು, ಜರ್ಮನಿಯ ಕಾರ್ಲ್ ಬೆಂಜ್ ಪೇಟೆಂಟ್ ಕೋರಿದ ಪೆಟ್ರೋಲು ಗಾಡಿಗೂ ಇದ್ದದ್ದು ಮೂರೇ ಚಕ್ರ.

ಏಕೆ ಮೂರು? ನಮ್ಮ ಹಳ್ಳಿಯ ಒಲೆಗೆ ಮೂರು ಕಲ್ಲು ಇಡುವುದು ಏಕೋ ಅದಕ್ಕೇ. ನೆಲ ಎಷ್ಟೇ ಏರುತಗ್ಗಾಗಿದ್ದರೂ ಮೂರು ಬಿಂದುಗಳು ಒಟ್ಟಿಗೆ ನೆಲ ಮುಟ್ಟುತ್ತವೆ. ನಾಲ್ಕನೆಯದು ಬಂದರೆ ಒಂದು ಎತ್ತಿಕೊಳ್ಳುತ್ತದೆ. ಇನ್ನೊಂದು ಕಾರಣ ಚುಕ್ಕಾಣಿ. ಮುಂದೆ ಎರಡು ಚಕ್ರಗಳಿದ್ದರೆ ತಿರುವಿನಲ್ಲಿ ಒಳಗಿನ ಚಕ್ರ ಹೆಚ್ಚು, ಹೊರಗಿನದು ಕಡಿಮೆ ಹೊರಳಬೇಕು. ಒಂದೇ ಚಕ್ರವಿದ್ದರೆ ಆ ತೊಡಕೇ ಇಲ್ಲ. ಸೈಕಲ್ಲಿನ ಹ್ಯಾಂಡಲ್ಲೇ ಸಾಕು. ಇಟಲಿಯ ಪಿಯಾಜಿಯೊ ಕಂಪನಿ 1948ರಲ್ಲಿ ವೆಸ್ಪಾ ಸ್ಕೂಟರಿನ ಹಿಂದೆ ಎರಡು ಚಕ್ರ, ಒಂದು ಹಲಗೆ ಜೋಡಿಸಿ 'ಆಪೆ' ಎಂಬ ಸರಕು ಗಾಡಿಯನ್ನು ಹೊರತಂದದ್ದೂ ಇದೇ ಸರಳ ಸೂತ್ರದಿಂದ. ನಮ್ಮ ರಸ್ತೆಗಳ ಆಟೋಗಳೂ ಇದೇ ಕುಲದವು.

ಪೆಟ್ರೋಲಿಗೆ ಬದಲಿ ಹುಡುಕುವುದೂ ನಮಗೆ ಹೊಸತಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಮೈಸೂರು ಸಂಸ್ಥಾನದ ರಸ್ತೆಗಳಲ್ಲಿ ಇದ್ದಿಲಿನ ಗ್ಯಾಸಿನಿಂದ ಬಸ್ಸುಗಳು ಓಡಿದವು. ಬಸ್ಸಿಗೆ ತಗುಲಿಸಿದ ಉರುಳೆಯಲ್ಲಿ ಇದ್ದಿಲು ಅರೆಬರೆ ಉರಿದಾಗ ಹುಟ್ಟುವ ಅನಿಲವೇ ಎಂಜಿನ್ನಿಗೆ ಆಹಾರ. ಏರಿನಲ್ಲಿ ಅದು ಏದುಸಿರು ಬಿಡುತ್ತಿತ್ತು. ಪೆಟ್ರೋಲು ಸರಾಗವಾಗಿ ಸಿಗತೊಡಗಿದೊಡನೆ ಇದ್ದಿಲಿನ ಉರುಳೆಗಳು ಮೂಲೆ ಸೇರಿದವು.

ಬಿಸಿಲಿನ ಲೆಕ್ಕ

ಈಗಿನ ಆಸೆ ಬಿಸಿಲಿನ ಮೇಲೆ. ನವೀನ್ ರಾಬೆಲ್ಲಿ ಎಂಬ ಎಂಜಿನಿಯರ್ ಆಟೋರಿಕ್ಷಾವೊಂದನ್ನು ಬ್ಯಾಟರಿ ಗಾಡಿಯನ್ನಾಗಿ ಮಾರ್ಪಡಿಸಿ, ಚಾವಣಿಗೆ ಸೌರಫಲಕ ಹೊದಿಸಿ, 2016ರ ಫೆಬ್ರುವರಿಯಲ್ಲಿ ಬೆಂಗಳೂರಿನಿಂದ ಹೊರಟು ಸೆಪ್ಟೆಂಬರಿನಲ್ಲಿ ಲಂಡನ್ ತಲುಪಿದ್ದು ದೊಡ್ಡ ಸುದ್ದಿಯಾಯಿತು. ಹಾಗಾದರೆ ಗುಂಡ್ಲುಪೇಟೆ ಏನು ಮಹಾ ದೂರ?

ಲೆಕ್ಕ ಹಾಕಿ ನೋಡೋಣ. ವಿದ್ಯುತ್ ಆಟೋ ಒಂದು ಕಿಲೋಮೀಟರಿಗೆ ಸುಮಾರು 60 ವ್ಯಾಟ್-ಗಂಟೆ ತಿನ್ನುತ್ತದೆಂದು ಇಟ್ಟುಕೊಂಡರೆ 35 ಕಿಲೋಮೀಟರಿಗೆ ಎರಡು ಯೂನಿಟ್ಟಿಗಿಂತ ತುಸು ಹೆಚ್ಚು ಬೇಕು. ಆಟೋದ ಚಾವಣಿಯಲ್ಲಿ ಹಿಡಿಯುವ ಎರಡು ಚದರ ಮೀಟರ್ ಫಲಕ ಹೆಚ್ಚೆಂದರೆ 400 ವ್ಯಾಟ್ ಕೊಟ್ಟೀತು. ದಿನಕ್ಕೆ ಐದು ಗಂಟೆಯಷ್ಟು ಪೂರ್ಣ ಬಿಸಿಲು ಸಿಕ್ಕಿತೆಂದರೂ ನಷ್ಟ ಕಳೆದು ಉಳಿಯುವುದು ಒಂದೂವರೆ ಯೂನಿಟ್, ಅಂದರೆ 25 ಕಿಲೋಮೀಟರಿನ ಓಟ. ಬೆಳಗಿನಿಂದ ಸಂಜೆವರೆಗೆ ಬಿಸಿಲು ಕುಡಿದ ಗಾಡಿ ತೆರಕಣಾಂಬಿಯ ಆಸುಪಾಸಿನಲ್ಲೇ ನಿಂತೀತು! ಆದುದರಿಂದ ಚಾವಣಿಯ ಫಲಕ ನೆರವಿಗೆ ಮಾತ್ರ. ಮನೆಯ ಪ್ಲಗ್ಗಿನಿಂದ ತುಂಬಿದ ಬ್ಯಾಟರಿಯೇ ನಿಜವಾದ ಆಸರೆ.

ಬ್ಯಾಟರಿಗೂ ಅದರದೇ ಹೊರೆ ಇದೆ. 12 ವೋಲ್ಟಿನ 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿ ಸುಮಾರು 30 ಕಿಲೋ ತೂಗುತ್ತದೆ. ನಾಲ್ಕು ಕೂಡಿಸಿದರೆ ಕಾಗದದ ಮೇಲೆ 4.8 ಯೂನಿಟ್, ಆದರೆ ಬಾಳಿಕೆ ಬರಬೇಕಾದರೆ ಅರ್ಧದಷ್ಟನ್ನೇ ಬಳಸುವುದು ಕ್ಷೇಮ. ಲಿಥಿಯಂ ಬ್ಯಾಟರಿ ಇದರ ಅರ್ಧಕ್ಕಿಂತ ಕಡಿಮೆ ತೂಗುತ್ತದಾದರೂ ಕೊಳ್ಳುವಾಗ ಹೆಚ್ಚು ಹಣ ಬೇಡುತ್ತದೆ. ಅದರಲ್ಲಿ ಪ್ರತಿ ಕೋಶದ ವೋಲ್ಟೇಜನ್ನೂ ಉಷ್ಣವನ್ನೂ ಕಾಯುವ ಸರ್ಕ್ಯೂಟು ಇಲ್ಲದಿದ್ದರೆ ಬೆಂಕಿಯ ಭಯವೂ ಉಂಟು. ಇನ್ನು ಬಿಳಿಗಿರಿರಂಗನ ಬೆಟ್ಟದಂಥ ಏರುದಾರಿ: 700 ಕಿಲೋ ಭಾರವನ್ನು 100 ಮೀಟರ್ ಮೇಲೇರಿಸಲು ಐದರಲ್ಲೊಂದು ಯೂನಿಟ್ ಬೇಕು. ಆ ಭಾರ ಇಳಿಯುವಾಗ ಏನಾಗುತ್ತದೆ ಎಂಬಲ್ಲಿಂದಲೇ ನಿಜವಾದ ಕಷ್ಟ ಶುರು.

ಬರ್ತಾ ಕಲಿಸಿದ ಪಾಠ

1888ರ ಆಗಸ್ಟಿನಲ್ಲಿ ಕಾರ್ಲ್ ಬೆಂಜನ ಹೆಂಡತಿ ಬರ್ತಾ, ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳೊಡನೆ ಆ ಮೂರು ಚಕ್ರದ ಗಾಡಿಯನ್ನೇರಿ ಮಾನ್‌ಹೈಮ್‌ನಿಂದ ನೂರು ಕಿಲೋಮೀಟರಿಗೂ ದೂರದ ಫೋರ್ಜ್‌ಹೈಮ್‌ಗೆ ಹೊರಟಳು. ದಾರಿಯಲ್ಲಿ ಔಷಧದಂಗಡಿಯಿಂದ ಇಂಧನ ಕೊಂಡಳು. ಏರಿನಲ್ಲಿ ಗಾಡಿಯನ್ನು ತಳ್ಳಬೇಕಾಯಿತು. ಆದರೆ ಹೆಚ್ಚು ಕಾಡಿದ್ದು ಇಳಿಜಾರು. ಬ್ರೇಕಿನ ಮರದ ತುಂಡುಗಳು ಸವೆದುಹೋದವು. ಆಕೆ ಚಪ್ಪಲಿ ಹೊಲಿಯುವವನಿಂದ ಅವುಗಳಿಗೆ ಚರ್ಮದ ಹೊದಿಕೆ ಹಾಕಿಸಿದಳು. ಗಾಡಿಯನ್ನು ಓಡಿಸುವ ವಿದ್ಯೆಯನ್ನು ಗಂಡ ಕಂಡುಹಿಡಿದಿದ್ದ. ನಿಲ್ಲಿಸುವ ವಿದ್ಯೆಗೆ ಹೆಂಡತಿ ಕೈಹಚ್ಚಬೇಕಾಯಿತು.

ಈ ಪಾಠ ಇಂದಿಗೂ ಹಳತಾಗಿಲ್ಲ. ವೇಗ ಎರಡು ಪಟ್ಟಾದರೆ ಬ್ರೇಕು ಹಾಕಿದ ಮೇಲೆ ಗಾಡಿ ಜಾರುವ ದೂರ ನಾಲ್ಕು ಪಟ್ಟಾಗುತ್ತದೆ. ಇನ್ನೂರು ಕಿಲೋ ಹೊರಲೆಂದು ಮಾಡಿದ ಸ್ಕೂಟರಿನ ಬ್ರೇಕನ್ನು ಏಳುನೂರು ಕಿಲೋ ಗಾಡಿಗೆ ಹಾಕಿದರೆ ಅದು ಬಿಸಿಯಾಗಿ ಕೈಕೊಡುತ್ತದೆ. ಇಳಿಜಾರಿನಲ್ಲಿ ಮೋಟಾರೇ ಜನರೇಟರಾಗಿ ಗಾಡಿಯನ್ನು ತಡೆಯಬಲ್ಲದು, ನಿಜ. ಆದರೆ ಬ್ಯಾಟರಿ ತುಂಬಿದ್ದಾಗ ಆ ವಿದ್ಯುತ್ತಿಗೆ ಹೋಗಲು ಜಾಗವಿರುವುದಿಲ್ಲ.

ಮೂರು ಕಲ್ಲಿನ ಒಲೆ ಅಲುಗದೆ ನಿಲ್ಲುವುದು ಅದು ಓಡುವುದಿಲ್ಲ ಎಂಬ ಕಾರಣಕ್ಕೆ. ಮುಂದೆ ಒಂದು, ಹಿಂದೆ ಎರಡು ಚಕ್ರದ ಗಾಡಿ ತಿರುವಿನಲ್ಲಿ ಬ್ರೇಕು ಹಾಕಿದಾಗ ಅದರ ಭಾರ ಮುಂದಕ್ಕೂ ಪಕ್ಕಕ್ಕೂ ಒಟ್ಟಿಗೆ ವಾಲುತ್ತದೆ. ಅಲ್ಲಿ ಹೊರಮಗ್ಗುಲಿಗೆ ಆಸರೆಯಾಗಿ ಚಕ್ರವಿಲ್ಲ, ಗಾಡಿ ಮಗುಚುತ್ತದೆ. ಬ್ಯಾಟರಿಯನ್ನು ಸೀಟಿನ ಹಿಂದೆ ಪೇರಿಸದೆ ನೆಲಹಾಸಿನಡಿ, ಹಿಂಚಕ್ರಗಳ ಬಳಿ ಕೂರಿಸುವುದು ಅದಕ್ಕಾಗಿಯೇ ಮುಖ್ಯ.

ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ನೀಡಿದ ವಿವರಕ್ಕೆ ಹೊಂದದಂತೆ ವಾಹನವನ್ನು ಮಾಲೀಕ ತಾನಾಗಿ ಮಾರ್ಪಡಿಸುವುದನ್ನು ತಡೆಯುತ್ತದೆ. ದೆಹಲಿಯ ಬೀದಿಗಳನ್ನು ತುಂಬಿದ್ದ ಇ-ರಿಕ್ಷಾಗಳನ್ನು ಅಲ್ಲಿನ ಹೈಕೋರ್ಟು 2014ರ ಜುಲೈನಲ್ಲಿ ನಿಲ್ಲಿಸಿದ ಮೇಲೆಯೇ ಅವುಗಳಿಗೆಂದು ಕೇಂದ್ರದ ನಿಯಮ ಬಂದದ್ದು: ಮೂರು ಚಕ್ರ, 4000 ವ್ಯಾಟ್ ಮೀರದ ಶಕ್ತಿ, ಗಂಟೆಗೆ 25 ಕಿಲೋಮೀಟರ್ ವೇಗದ ಮಿತಿ. ಅಂಗವಿಕಲರಿಗಾಗಿ ಹೊಂದಿಸಿದ ವಾಹನಕ್ಕೂ ಕಾಯ್ದೆಯಲ್ಲಿ ಪ್ರತ್ಯೇಕ ಸ್ಥಾನವಿದೆ. ಆದರೆ ಮನೆಯಂಗಳದಲ್ಲಿ ಕಟ್ಟಿದ ಒಂಟಿ ಗಾಡಿ ರಸ್ತೆಗಿಳಿಯಬೇಕಾದರೆ ಅದಕ್ಕೂ ಪರೀಕ್ಷೆ, ನೋಂದಣಿ ಬೇಕು. ಕೈಗಾರಿಕೆಗಳಿಗಾಗಿ ರೂಪಿಸಿದ ಈ ಪರೀಕ್ಷೆಯ ಹೊರೆ ಹಳ್ಳಿಯ ಮೆಕ್ಯಾನಿಕ್ಕನಿಗೆ ಎಟುಕುವಂಥದ್ದಲ್ಲ.

ಇದನ್ನು ಬರೀ ಅಧಿಕಾರಿಗಳ ಕಿರುಕುಳವೆಂದು ತಳ್ಳಿಹಾಕುವುದು ಸುಲಭ. ಆದರೆ ಆ ಗಾಡಿಯ ಹಿಂದೆ ಕೂರುವವರು ಸಂತೆಗೆ ಹೊರಟ ಹೆಂಗಸರು, ಶಾಲೆಯ ಮಕ್ಕಳು. ಅವರಿಗೆ ಮೋಟಾರಿನ ಶಕ್ತಿಗಿಂತ ಬ್ರೇಕಿನ ಭರವಸೆ ದೊಡ್ಡದು. ಮನೆಗಾಡಿ ಕಟ್ಟಲು ಹೊರಟವರು ಖರ್ಚಿನ ಪಟ್ಟಿ ಬರೆಯುವಾಗ ಮೊದಲ ಸಾಲಿನಲ್ಲಿ ಮೋಟಾರನ್ನಲ್ಲ, ಬ್ರೇಕನ್ನು ಬರೆಯಲಿ. ಜಿಲ್ಲೆಯ ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಅಂಥ ಗಾಡಿಯನ್ನು ತೂಗಿ, ವಾಲಿಸಿ, ನಿಲ್ಲಿಸಿ ನೋಡಿ ತಿದ್ದಿಕೊಡುವ ವ್ಯವಸ್ಥೆಯಾದರೆ, ಗುಜರಿಯಿಂದ ಗಾಡಿ ಹುಟ್ಟಿಸುವ ನಮ್ಮವರ ಜಾಣ್ಮೆಗೆ ರಸ್ತೆಯ ಹಕ್ಕನ್ನು ಕೇಳುವ ಬಲವೂ ಬಂದೀತು.