ದವನದ ದಾಯಾದಿ, ಮಲೇರಿಯಾಕ್ಕೆ ಮದ್ದು
ಹೂಮಾಲೆಯಲ್ಲಿ ಘಮಘಮಿಸುವ ದವನವನ್ನು ನಾವು ಮರೆತಿಲ್ಲ. ಅದೇ ಕುಲದ ಚೀನೀ ಗಿಡವೊಂದು ಮಲೇರಿಯಾ ರೋಗಿಗಳ ಜೀವ ಉಳಿಸುತ್ತಿದೆ. ವಿಜ್ಞಾನಿ ಟು ಯೂಯೂ ಅವರ ತಂಡಕ್ಕೆ ಗಿಡವನ್ನು ಬಿಸಿಮಾಡಿ ತೆಗೆದ ಸಾರದಿಂದ ಸರಿಯಾದ ಫಲ ಸಿಗಲಿಲ್ಲ. ಸುಮಾರು 1600 ವರ್ಷ ಹಳೆಯ ವೈದ್ಯಗ್ರಂಥವೊಂದರಲ್ಲಿ ಕುದಿಸುವ ಮಾತೇ ಇರಲಿಲ್ಲ, ನೆನೆಸಿ ಹಿಂಡುವುದಿತ್ತು. ಆ ಸುಳಿವು ಹಿಡಿದು 1971ರಲ್ಲಿ ಕಡಿಮೆ ಶಾಖದಲ್ಲಿ, ಈಥರ್ ಬಳಸಿ ಸಾರ ತೆಗೆದರು. ಅದರಿಂದ ದೊರೆತದ್ದೇ ಆರ್ಟಿಮಿಸಿನಿನ್. 2015ರಲ್ಲಿ ನೊಬೆಲ್ ಬಂತು.

ಹಾಗಾದರೆ ಮನೆಯಲ್ಲೇ ಕಷಾಯ ಮಾಡಿ ಕುಡಿದರೆ ಸಾಲದೇ? ಖಂಡಿತ ಸಾಲದು! ಮದ್ದಿನ ಅಂಶ ಗಿಡದಿಂದ ಗಿಡಕ್ಕೆ ಬೇರೆ. ಅರೆಬರೆ ಮದ್ದಿಗೆ ರೋಗಾಣು ಒಗ್ಗಿಕೊಂಡೀತು. ಅದಕ್ಕೇ ವೈದ್ಯರು ಇನ್ನೊಂದು ಔಷಧಿ ಸೇರಿಸಿದ ಮಾತ್ರೆ ಕೊಡುತ್ತಾರೆ. ಊರಿಂದ ಮರಳಿದ ಮೇಲೆ ಜ್ವರ ಬಂದರೆ ಪ್ರಯಾಣದ ವಿಷಯ ಮೊದಲೇ ಹೇಳೋಣ; ಇಲ್ಲಿನ ವೈದ್ಯರಿಗೆ ಮಲೇರಿಯಾ ಥಟ್ಟನೆ ಹೊಳೆಯದು.